ಹಿಂದೆ ಖಾಲಿ ಉಂಟು

ನಾನು ಬಗೆಬಗೆಯ ಸುಳ್ಳು ಹೇಳಿದವನಲ್ಲ. ಒಂದೇ ಸುಳ್ಳನ್ನು ಮೂವತ್ತು ವರ್ಷ ಹೇಳಿದವನು. ಉಡುಪಿ–ಕಾರ್ಕಳ ನಡುವಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಷ್ಟು ಕಾಲವೂ ಪ್ರತಿ ಸ್ಟಾಪಿನಲ್ಲಿ ಬಾಗಿಲ ಬಳಿ ಗುಂಪುಗೂಡಿದ ಜನರಿಗೆ ‘ಹಿಂದೆ ಹೋಗಿ, ಹಿಂದೆ ಖಾಲಿ ಉಂಟು’ ಎಂದು ಕೂಗುತ್ತಿದ್ದೆ. ಹಿಂದೆ ಯಾವತ್ತೂ ಖಾಲಿ ಇರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಜನರಿಗೂ ಗೊತ್ತಿತ್ತು, ಹಿಂದೆ ನಿಂತು ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದವರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಆದರೂ ಜನ ಹೋಗುತ್ತಿದ್ದರು. ಹತ್ತನೆಯ ತರಗತಿ ಓದಿದ ನನ್ನಂಥವನಿಗೆ ವಕೀಲರನ್ನೂ ಪ್ರೊಫೆಸರರನ್ನೂ ಒಂದೇ ಮಾತಿನಿಂದ ಹಿಂದಕ್ಕೆ ಸರಿಸುವ ಅಧಿಕಾರ ಬೇರೆ ಯಾವ ಕೆಲಸದಲ್ಲಿ ಸಿಕ್ಕೀತು? ಕೆಲಸ ಬಿಡುವ ದಿನ ಚರ್ಮದ ಬ್ಯಾಗನ್ನೂ ಸೀಟಿಯನ್ನೂ ಮಾಲೀಕರಿಗೆ ಒಪ್ಪಿಸಿದೆ. ಈ ಮಾತೊಂದನ್ನು ಮಾತ್ರ ಒಪ್ಪಿಸಲು ಮರೆತು ಕಾಪುವಿನ ಮನೆಗೆ ತಂದೆ. ಅದರಿಂದ ಏನೇನಾಯಿತು ಎಂಬುದನ್ನು ಈಗ ಬರೆದು ಒಪ್ಪಿಸುತ್ತಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. ಕಾರ್ಕಳದಲ್ಲಿ ಟೀಚರ್ ಆಗಿರುವ ಮಗಳು ಹೊಸದು ಕೊಂಡಾಗ ಹಳೆಯದನ್ನು ನಮಗೆ ದಾಟಿಸಿದ್ದು. ಅದಕ್ಕೆ ಇಬ್ಬರು ಹಕ್ಕುದಾರರು. ನನ್ನ ಹೆಂಡತಿ ಗುಲಾಬಿ ಊರಿನ ಹೆಂಗಸರಿಗೆ ರವಿಕೆ ಹೊಲಿಯುವವಳು. ಅವಳು ಅದರಲ್ಲಿ ಕುತ್ತಿಗೆಯ ವಿನ್ಯಾಸಗಳನ್ನು ನೋಡುತ್ತಾಳೆ. ನಾನು ಪೇಪರ್ ಓದುತ್ತೇನೆ, ಅಂದರೆ ಮೊದಲು ಮರಣದ ಸುದ್ದಿ, ಆಮೇಲೆ ಮಿಕ್ಕಿದ್ದು. ಅದಾದ ಮೇಲೆ ಮಂಡಿ ನೋವಿಗೆ ವ್ಯಾಯಾಮ ಹೇಳಿಕೊಡುವವರನ್ನು ಕುರ್ಚಿಯಲ್ಲಿ ಆರಾಮವಾಗಿ ಕುಳಿತು ನೋಡುತ್ತೇನೆ. ಹಳೆಯ ಬಸ್ಸುಗಳು ಮಾರಾಟಕ್ಕಿರುವ ಒಂದು ಜಾಗವಿದೆ, ಅಲ್ಲಿಗೂ ದಿನಾ ಹೋಗಿಬರುತ್ತೇನೆ. ಕೊಳ್ಳುವುದಕ್ಕಲ್ಲ, ಪರಿಚಯದವರು ಯಾರಾದರೂ ಕಾಣಸಿಗುತ್ತಾರೋ ಎಂದು.

ಕಳೆದ ವರ್ಷ ಈ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಒಂದು ಪುಟ ತೆರೆಯಬೇಕಾದರೆ ಗುಲಾಬಿ ಎರಡು ಹುಕ್ಕು ಹೊಲಿದು ಮುಗಿಸುತ್ತಿದ್ದಳು. ಮಣಿಪಾಲದಲ್ಲಿ ನಮ್ಮ ಹಮೀದನ ರಿಪೇರಿ ಅಂಗಡಿ ಉಂಟು. ನಲವತ್ತು ದಾಟಿದ, ಮಿತಭಾಷಿ ಮನುಷ್ಯ. ಶಾಲೆಗೆ ಹೋಗುವಾಗ ನನ್ನ ಬಸ್ಸಿನಲ್ಲಿಯೇ ನೇತಾಡಿಕೊಂಡು ಹೋಗುತ್ತಿದ್ದವನಾದ್ದರಿಂದ ನನ್ನನ್ನು ಇಂದಿಗೂ ‘ವಾಸಣ್ಣ’ ಎಂದು ಕರೆಯುತ್ತಾನೆ. ಅವನು ಒಳಗೆ ನೋಡಿ ರೋಗ ಹೇಳಿದ. ಕಂಪ್ಯೂಟರಿನೊಳಗೆ ಸಿ ಮತ್ತು ಡಿ ಎಂದು ಎರಡು ಭಾಗವಂತೆ. ಸಿ ಪುಟ್ಟದು, ಭರ್ತಿಯಾಗಿ ಕೆಂಪಾಗಿದೆ. ಡಿ ದೊಡ್ಡದು, ಖಾಲಿ ಬಿದ್ದಿದೆ. ನಾವು ಇಂಟರ್ನೆಟ್ಟಿನಲ್ಲಿ ಏನು ನೋಡಿದರೂ ಬ್ರೌಸರ್ ಅದರ ಒಂದೊಂದು ಪ್ರತಿಯನ್ನು ಸಿ ಒಳಗೆ ತೆಗೆದಿಡುತ್ತದೆ, ಮುಂದಿನ ಸಲ ಬೇಗ ತೋರಿಸಬಹುದಲ್ಲ ಎಂದು. ಅದಕ್ಕೆ ಕ್ಯಾಶೆ ಎನ್ನುತ್ತಾರೆ. ಆಗಾಗ ಅಳಿಸಿದರೆ ಸಾಕು, ಬೇರೆ ಏನೂ ಬೇಡ ಎಂದ ಹಮೀದ್.

ಆದರೆ ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು. ಮುಂದೆ ಭರ್ತಿ, ಹಿಂದೆ ಖಾಲಿ. ಮೂವತ್ತು ವರ್ಷದಲ್ಲಿ ಮೊದಲ ಸಲ ಹಿಂದೆ ನಿಜವಾಗಿಯೂ ಖಾಲಿ ಇದ್ದದ್ದನ್ನು ಕಣ್ಣಾರೆ ಕಂಡೆ. ಸುಮ್ಮನಿರುವುದು ಹೇಗೆ? ಎಲ್ಲವನ್ನೂ ಹಿಂದಕ್ಕೆ ಕಳಿಸು ಮಾರಾಯ ಎಂದೆ. ಅಗತ್ಯವಿಲ್ಲ ಎಂದು ಅವನು ಎರಡು ಸಲ ಹೇಳಿದ. ನಾನು ಮೂರು ಸಲ ಹೇಳಿದೆ. ಕೊನೆಗೆ ಬ್ರೌಸರಿನ ಚಿತ್ರದ ಮೇಲೆ ಏನೋ ಒತ್ತಿ, ಒಂದು ಉದ್ದದ ಸಾಲಿನ ಬಾಲಕ್ಕೆ ಇನ್ನೊಂದು ಸಾಲನ್ನು ಜೋಡಿಸಿ, ಕ್ಯಾಶೆ ಇನ್ನು ಮುಂದೆ ಡಿಯಲ್ಲಿಯೇ ಹೋಗಿ ಕೂರುವಂತೆ ಮಾಡಿಕೊಟ್ಟ. ಆ ಫೋಲ್ಡರಿಗೆ ಏನು ಹೆಸರಿಡಲಿ ಎಂದು ಕೇಳಿದ. ‘ಹಿಂದೆ’ ಎಂದು ಇಡು ಎಂದೆ. ಅವನು ನಗಲಿಲ್ಲ, ಹಾಗೆಯೇ ಬರೆದ. ಆ ವಾರವೆಲ್ಲ ನಾನು ಕಾಪುವಿನಲ್ಲಿ ಎದುರು ಸಿಕ್ಕವರಿಗೆಲ್ಲ ಸಿ ಮತ್ತು ಡಿಯ ವಿಚಾರವನ್ನು ತಿಳಿಸಿ ಹೇಳಿದೆ. ಎದುರು ಸಿಗುವವರು ಕಡಿಮೆಯಾದರು.

ಈಗ ಗುಲಾಬಿಯ ಅಳತೆಯ ವಿಷಯ ಹೇಳಬೇಕು. ಅವಳ ಬಳಿ ಒಂದು ದಪ್ಪ ಪುಸ್ತಕವಿತ್ತು. ಉಚ್ಚಿಲದಿಂದ ಸಂತೆಕಟ್ಟೆಯವರೆಗಿನ ಇನ್ನೂರಕ್ಕೂ ಹೆಚ್ಚು ಹೆಂಗಸರ ಎದೆ, ಸೊಂಟ, ತೋಳು, ಭುಜಗಳ ಅಳತೆ ಅದರಲ್ಲಿತ್ತು. ಬರೀ ಅಂಕಿಗಳಲ್ಲ, ಒಬ್ಬಳ ಎಡಭುಜ ಸ್ವಲ್ಪ ಇಳಿಜಾರು, ಇನ್ನೊಬ್ಬಳಿಗೆ ಬೆನ್ನಿನ ಕುತ್ತಿಗೆ ಆಳ ಬೇಕು ಆದರೆ ಅತ್ತೆಗೆ ಗೊತ್ತಾಗಬಾರದು, ಇಂಥ ಗುಟ್ಟುಗಳೂ ಇದ್ದವು. ಹಾಗಾಗಿ ಅದನ್ನು ಮುಟ್ಟುವ ಅಧಿಕಾರ ನನಗಿರಲಿಲ್ಲ. ಅದರ ಹಾಳೆಗಳು ಮುಟ್ಟಿದರೆ ಹರಿಯುವಂತಾದಾಗ ಮಗಳು ತಾಯಿಗೆ ಟೈಪು ಮಾಡಲು ಕಲಿಸಿದಳು. ಗುಲಾಬಿ ನಾಲ್ಕು ತಿಂಗಳು, ಮಧ್ಯಾಹ್ನದ ನಿದ್ದೆ ಬಿಟ್ಟು, ಒಂದೇ ಬೆರಳಿನಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದಳು. ಪ್ರತಿಯೊಬ್ಬಳ ಅಳತೆಯ ರವಿಕೆಯ ಫೋಟೋವನ್ನೂ ಪಕ್ಕದಲ್ಲಿಟ್ಟಳು. ಕೆಲಸ ಮುಗಿದ ದಿನ ಹಳೆಯ ಪುಸ್ತಕವನ್ನು ಗುಜರಿಗೆ ಹಾಕಿದವನು ನಾನು. ‘ಎಲ್ಲ ಕಂಪ್ಯೂಟರಿನಲ್ಲಿ ಉಂಟಲ್ಲ’ ಎಂದಿದ್ದೆ.

ಆ ಕೆಲಸ ಶುರುಮಾಡುವ ಹೊತ್ತಿಗೆ ಅವಳು ಅಡುಗೆ ಮನೆಯ ಕಡೆ ಹೊರಟಿದ್ದ ನನ್ನನ್ನು ತಡೆದು, ಇದನ್ನೆಲ್ಲ ಎಲ್ಲಿ ಇಡಬೇಕು ಎಂದು ಕೇಳಿದ್ದಳು. ನಾನು ತಿರುಗಿ ಕೂಡ ನೋಡದೆ ಹೇಳಿದ್ದೆ, ‘ಹಿಂದೆ ಇಡು, ಹಿಂದೆ ಖಾಲಿ ಉಂಟು.’ ನನ್ನ ಮಾತಿನ ಅರ್ಥ ಡಿಯಲ್ಲಿ ಇಡು ಎಂದು. ಅವಳು ಡಿ ತೆರೆದಾಗ ಕಂಡದ್ದು ಒಂದೇ ಫೋಲ್ಡರ್, ಅದರ ಹೆಸರು ನಾನು ಹೇಳಿದ ಹೆಸರೇ. ಅದರೊಳಗೆ ‘ಅಳತೆ’ ಎಂದು ಇನ್ನೊಂದು ಹಳದಿ ಫೋಲ್ಡರ್ ಮಾಡಿ ಅವಳು ತನ್ನ ಇನ್ನೂರು ಹೆಂಗಸರನ್ನು ಕೂರಿಸಿದಳು. ಮೂವತ್ತು ವರ್ಷ ಜನ ನನ್ನ ಮಾತು ಕೇಳಿ ಹಿಂದೆ ಹೋದರಲ್ಲ, ಹಾಗೆಯೇ.

ಕೆಲವು ತಿಂಗಳಾದ ಮೇಲೆ ಡಿ ಕೂಡ ಉಬ್ಬತೊಡಗಿತು. ಕಸ ಗುಡಿಸುವ ಒಂದು ಪ್ರೋಗ್ರಾಮನ್ನು ಹಮೀದ್ ಹಾಕಿಕೊಟ್ಟಿದ್ದ. ಅದನ್ನು ಎಷ್ಟು ಓಡಿಸಿದರೂ ಎಲ್ಲ ಸ್ವಚ್ಛವಾಗಿದೆ ಎಂದೇ ವರದಿ ಕೊಡುತ್ತಿತ್ತು, ಇತ್ತ ‘ಹಿಂದೆ’ ಮಾತ್ರ ದಿನಾ ಬೆಳೆಯುತ್ತಿತ್ತು. ಫೋನಿನಲ್ಲಿ ಕೇಳಿದಾಗ ಹಮೀದ್ ಕಾರಣ ಹೇಳಿದ. ಆ ಪ್ರೋಗ್ರಾಮು ಕ್ಯಾಶೆ ಮಾಮೂಲಾಗಿ ಇರುವ ಜಾಗವನ್ನು ಮಾತ್ರ ಗುಡಿಸುತ್ತದೆ. ನಾವು ಬೇರೆ ಕಡೆ ಕೂರಿಸಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ನನಗೆ ಕೂಡಲೇ ಅರ್ಥವಾಯಿತು. ನಮ್ಮ ಬಸ್ಸು ಗುಡಿಸುತ್ತಿದ್ದವನೂ ಮುಂದಿನ ನಾಲ್ಕು ಸೀಟು ಗುಡಿಸಿ ಬಸ್ಸು ಕ್ಲೀನ್ ಎನ್ನುತ್ತಿದ್ದ. ಆ ಫೋಲ್ಡರಿನ ವಿಳಾಸವನ್ನೂ ಪ್ರೋಗ್ರಾಮಿನ ಪಟ್ಟಿಗೆ ಸೇರಿಸಿದರೆ ಅಲ್ಲಿಯೂ ಗುಡಿಸುತ್ತದೆ ಎಂದ ಹಮೀದ್, ಅದನ್ನು ಸೇರಿಸುವುದು ಎಲ್ಲಿ ಎಂದು ಹೇಳಿಕೊಟ್ಟ. ಆಮೇಲೆ ಒಂದು ಮಾತು ಸೇರಿಸಿದ.

‘ಒಳಗೆ ಒಮ್ಮೆ ನೋಡಿ ವಾಸಣ್ಣ. ಬ್ರೌಸರಿನದ್ದು ಬಿಟ್ಟು ಬೇರೆ ಎಂತ ಇದ್ದರೂ ಅದೂ ಹೋಗ್ತದೆ. ಆ ಪ್ರೋಗ್ರಾಮಿಗೆ ಕಣ್ಣಿಲ್ಲ.’

ನೋಡುತ್ತೇನೆ ಎಂದೆ. ನೋಡಲಿಲ್ಲ. ಕಡೆಯ ಟ್ರಿಪ್ಪಿನ ನಂತರ ಪ್ರತಿ ಸೀಟಿನಡಿ ಬಗ್ಗಿ ನೋಡದೆ ನಾನು ಬಸ್ಸಿಳಿದವನಲ್ಲ. ಕೊಡೆ, ಟಿಫಿನ್ ಡಬ್ಬಿ, ಹಲ್ಲುಸೆಟ್ಟು, ಒಮ್ಮೆ ಜೀವಂತ ಕೋಳಿ, ಏನು ಸಿಕ್ಕಿದರೂ ಒಡೆಯರಿಗೆ ಮುಟ್ಟಿಸಿದವನು. ಅಂಥ ನಾನು ಆ ಸೋಮವಾರ ಮಧ್ಯಾಹ್ನ ‘ಹಿಂದೆ’ ಎಂಬುದನ್ನು ಇಡಿಯಾಗಿ ಪಟ್ಟಿಗೆ ಸೇರಿಸಿ ಗುಂಡಿ ಒತ್ತಿದೆ. ಡಿ ಹಗುರಾಯಿತು. ಎಷ್ಟು ಹಗುರಾಯಿತು ಎಂದು ನೋಡಿ ಸಂತೋಷಪಡಲು ಸಂಜೆ ಇನ್ನೊಮ್ಮೆ ತೆರೆದಾಗ, ಗಾತ್ರ ನೋಡಲು ‘ಹಿಂದೆ’ ತೆರೆದಾಗೆಲ್ಲ ಮೂಲೆಯಲ್ಲಿ ಕಣ್ಣಿಗೆ ಬೀಳುತ್ತಿದ್ದ ಆ ಹಳದಿ ಫೋಲ್ಡರ್ ಇರಲಿಲ್ಲ. ಅದು ಯಾರದ್ದೆಂದು ನೆನಪಾಗಲು ಅರ್ಧ ನಿಮಿಷ ಹಿಡಿಯಿತು. ನೆನಪಾದ ಮೇಲೆ ಕುರ್ಚಿಯಿಂದ ಏಳಲು ಅದಕ್ಕಿಂತ ಹೆಚ್ಚು ಹಿಡಿಯಿತು.

ಪಕ್ಕದ ಕೋಣೆಯಲ್ಲಿ ಗುಲಾಬಿಯ ಹೊಲಿಗೆ ಮೆಷಿನ್ ಓಡುತ್ತಿತ್ತು. ಉಚ್ಚಿಲದ ಒಂದು ಮನೆಯ ಮದುವೆಗೆ ಒಂಬತ್ತು ರವಿಕೆ ಒಪ್ಪಿಕೊಂಡಿದ್ದಳು, ಎರಡನ್ನು ಕತ್ತರಿಸಿ ಆಗಿತ್ತು, ಉಳಿದ ಏಳರ ಅಳತೆ ‘ಹಿಂದೆ’ಯೇ ಇತ್ತು. ಮಂಗಳವಾರ ಅವಳು ಉಡುಪಿಗೆ ಲೈನಿಂಗ್ ಬಟ್ಟೆ ತರಲು ಹೋದಾಗ ನಾನು ಕಂಪ್ಯೂಟರಿನೆದುರು ಕುಳಿತು, ಅಳಿಸಿದ್ದನ್ನು ಮರಳಿ ಪಡೆಯುವುದು ಹೇಗೆಂದು ಹೇಳುವ ವಿಡಿಯೋಗಳನ್ನು ಒಂದರ ಮೇಲೊಂದು ನೋಡಿದೆ. ಕನ್ನಡದಲ್ಲಿದ್ದವು ಮುಗಿದ ಮೇಲೆ ಹಿಂದಿಯಲ್ಲಿ ನೋಡಿದೆ. ನನಗೆ ಹಿಂದಿ ಬರುವುದಿಲ್ಲ. ಬುಧವಾರ ಕಂಪ್ಯೂಟರಿನ ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಮಣಿಪಾಲಕ್ಕೆ ಹೊತ್ತೊಯ್ದೆ, ಹಮೀದನ ಬಳಿ ಎಲ್ಲ ಹೇಳಿಬಿಡಬೇಕೆಂದು. ಅಂಗಡಿ ತುಂಬ ಕಾಲೇಜಿನ ಮಕ್ಕಳು. ಅವರೆದುರು ನನ್ನ ದಡ್ಡತನವನ್ನು ಬಿಚ್ಚಿಡಲು ಮನಸ್ಸು ಬರಲಿಲ್ಲ. ಧೂಳು ತೆಗೆದು ಕ್ಲೀನ್ ಮಾಡಿಕೊಡು ಎಂದೆ. ಅವನು ಬ್ಲೋವರ್ ಹಿಡಿದು ಧೂಳು ಹಾರಿಸಿ ಕೊಟ್ಟ. ಹಾಗೆಯೇ ವಾಪಸ್ ಹೊತ್ತು ತಂದೆ.

ಗುರುವಾರ ಬೆಳಿಗ್ಗೆ ಗುಲಾಬಿ ಅಳತೆ ನೋಡಲು ಕುಳಿತಳು. ಸ್ವಲ್ಪ ಹೊತ್ತಿಗೆ ಅವಳ ಸ್ವರ ಕೇಳಿತು, ‘ಎಂತ ಮಾರಾಯ್ರೆ, ಇದರಲ್ಲಿ ನನ್ನದು ಎಂತದೂ ಇಲ್ಲವಲ್ಲ?’

ನಾನು ಪೇಪರಿನಿಂದ ತಲೆಯೆತ್ತದೆ ಹೇಳಿದೆ, ‘ನಿನ್ನೆ ಹಮೀದ್ ಕ್ಲೀನ್ ಮಾಡಿದ್ದಾನೆ.’

ಗಮನಿಸಬೇಕು, ಈ ವಾಕ್ಯದಲ್ಲಿ ಒಂದು ಪದವೂ ಸುಳ್ಳಲ್ಲ. ನಿನ್ನೆ ಹೌದು, ಹಮೀದ್ ಹೌದು, ಕ್ಲೀನ್ ಮಾಡಿದ್ದೂ ಹೌದು. ಕಂಡಕ್ಟರ್ ಕೆಲಸದಲ್ಲಿ ಕಲಿತ ವಿದ್ಯೆ ಇದು. ಇಳಿಯುವ ಜಾಗ ದಾಟಿಹೋಯಿತಲ್ಲ ಎಂದು ಯಾರಾದರೂ ಜಗಳಕ್ಕೆ ಬಂದರೆ, ‘ನಾನು ಸ್ಟಾಪಿನ ಹೆಸರು ಕೂಗಿದ್ದೇನೆ’ ಎನ್ನುತ್ತಿದ್ದೆ. ಕೂಗಿದ್ದು ನಿಜ; ಸ್ಟಾಪು ದಾಟಿದ ಮೇಲೆ ಎಂಬುದನ್ನು ಹೇಳುತ್ತಿರಲಿಲ್ಲ, ಅಷ್ಟೇ.

ಇಲ್ಲಿ ಒಂದು ಹಳೆಯ ಕಥೆ ಹೇಳದಿದ್ದರೆ ನನ್ನ ತಪ್ಪು ಎಷ್ಟು ದೊಡ್ಡದೆಂದು ನಿಮಗೆ ತಿಳಿಯುವುದಿಲ್ಲ. ನಾನು ಕೆಲವು ವರ್ಷ ಶಂಕರಪುರದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿದ್ದೆ. ಶಂಕರಪುರದ ಮಲ್ಲಿಗೆ ಬಾಳೆಲೆಯ ಕಟ್ಟಿನಲ್ಲಿ ಕಂಡಕ್ಟರನ ಕೈಯಲ್ಲಿಯೇ ಊರೂರಿಗೆ ಹೋಗುತ್ತಿತ್ತು. ಒಂದು ದಿನ ಡ್ರೈವರ್ ಭೋಜ ತನ್ನ ಮನೆಯ ಗೋಣಿಚೀಲಕ್ಕೆ ಜಾಗ ಮಾಡಲು ಹೂವಿನ ಕಟ್ಟನ್ನು ಇಂಜಿನ್ನಿನ ಮುಚ್ಚಳದ ಮೇಲೆ ಇಟ್ಟ. ಕಾರ್ಕಳಕ್ಕೆ ಮುಟ್ಟುವಾಗ ಮಲ್ಲಿಗೆ ಬೆಂದು ಕಂದುಬಣ್ಣಕ್ಕೆ ತಿರುಗಿತ್ತು. ಹೂವಿನ ಹೆಂಗಸು ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲರೆದುರು, ನನಗೆ ತುಳುವಿನಲ್ಲಿ ಇದ್ದದ್ದನ್ನೆಲ್ಲ ಬೈದಳು. ಭೋಜ ಎದುರಿನ ಗಾಜಿನಲ್ಲಿ ಏನೋ ಬರೆದಿದೆ ಎಂಬಂತೆ ಅದನ್ನೇ ಓದುತ್ತ ಕುಳಿತಿದ್ದ. ಆ ದಾರಿಯವರು ಆರು ತಿಂಗಳು ನನ್ನ ಕೈಯಲ್ಲಿ ಹೂ ಕಳಿಸಲಿಲ್ಲ. ಭೋಜನ ಜೊತೆ ನಾನು ಮತ್ತೆ ಒಂದೇ ಮೇಜಿನಲ್ಲಿ ಚಹಾ ಕುಡಿದವನಲ್ಲ. ಅವನು ತೀರಿಕೊಂಡ ಸುದ್ದಿಯನ್ನು ಇದೇ ಕಂಪ್ಯೂಟರಿನಲ್ಲಿ ಓದಿದಾಗ ಕೂಡ, ದೇವರು ಕ್ಷಮಿಸಲಿ, ಮೊದಲು ನೆನಪಾದದ್ದು ಗಾಜು ಓದುತ್ತಿದ್ದ ಆ ಮುಖ. ಈಗ ಪೇಪರಿನಿಂದ ತಲೆಯೆತ್ತದ ನನ್ನ ಮುಖ ಹೇಗಿತ್ತೆಂದು ಬೇರೆಯವರು ಹೇಳಬೇಕಾಗಿಲ್ಲ.

ಗುಲಾಬಿ ಸುಮ್ಮನೆ ಕೂರುವವಳಲ್ಲ. ಬಂದ ಗಿರಾಕಿಗಳಿಗೆಲ್ಲ ಹಮೀದ್ ಮಾಡಿದ ಘಾತವನ್ನು ವಿವರಿಸಿದಳು. ರವಿಕೆ ಹೊಲಿಯುವವಳ ಮನೆಯಿಂದ ಹೊರಟ ಸುದ್ದಿಗೆ ಸ್ಟಾಪುಗಳಿಲ್ಲ, ಅದು ಎಕ್ಸ್‌ಪ್ರೆಸ್. ಭಾನುವಾರದೊಳಗೆ ಉಚ್ಚಿಲ, ಸೋಮವಾರ ಸಂತೆಕಟ್ಟೆ. ಮಂಗಳವಾರ ಹಮೀದನೇ ಫೋನ್ ಮಾಡಿದ. ಮೂರು ಮನೆಯವರು ರಿಪೇರಿಗೆ ಕೊಟ್ಟದ್ದನ್ನು ಕೆಲಸ ಮುಗಿಯುವ ಮೊದಲೇ ಹಿಂದಕ್ಕೆ ಒಯ್ದರಂತೆ. ಕಾಲೇಜಿನ ಮಕ್ಕಳು ವರ್ಷ ಮುಗಿದರೆ ಹೋಗುತ್ತಾರೆ, ಮನೆಗಳವರೇ ನನಗೆ ಗಟ್ಟಿ ಎಂದು ಅವನು ಯಾವಾಗಲೂ ಹೇಳುತ್ತಿದ್ದ. ಕೋಪದಲ್ಲಿ ಮಾತನಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಮಾತ್ರ, ಧೂಳು ತೆಗೆಯುವಾಗ ತನ್ನಿಂದ ಏನಾದರೂ ಆಗಿರಬಹುದೇ ಎಂದು ನನ್ನನ್ನೇ ಕೇಳಿದ. ಸಂಜೆ ಬಂದು ನೋಡುತ್ತೇನೆ, ದುಡ್ಡು ಬೇಡ ಎಂದ.

ಬಂದ. ಗುಲಾಬಿ ಬಾಗಿಲು ತೆಗೆದಳು, ಚಹಾ ಕೇಳಲಿಲ್ಲ. ನಮ್ಮ ಮನೆಗೆ ಬಂದವರಿಗೆ ಚಹಾ ಕೇಳದೆ ಇದ್ದದ್ದು ನನಗೆ ನೆನಪಿರುವಂತೆ ಅದೇ ಮೊದಲು. ಹಮೀದ್ ತಾನು ತಂದ ಇನ್ನೊಂದು ಡಿಸ್ಕನ್ನು ಜೋಡಿಸಿ ಕೆಲಸಕ್ಕೆ ಕುಳಿತ. ಅಳಿಸಿದ್ದು ಕೂಡಲೇ ಮಾಯವಾಗುವುದಿಲ್ಲವಂತೆ. ಸೀಟು ಖಾಲಿ ಎಂದು ಬರೆದುಕೊಳ್ಳುತ್ತದೆ, ಅಷ್ಟೇ. ಹೊಸಬರು ಬಂದು ಕೂರುವವರೆಗೆ ಹಳಬರ ವಸ್ತು ಅಲ್ಲಿಯೇ ಇರುತ್ತದೆ. ಒಂದು ಗಂಟೆಯ ನಂತರ ಅವನು ಕನ್ನಡಕ ತೆಗೆದು ಒರೆಸಿಕೊಂಡ. ರವಿಕೆಯ ಫೋಟೋಗಳು ಹೆಚ್ಚುಕಡಿಮೆ ಎಲ್ಲವೂ ಸಿಕ್ಕಿದ್ದವು. ಅಂಕಿಗಳಲ್ಲಿ ಅರ್ಧಕ್ಕರ್ಧ ಹೋಗಿದ್ದವು. ಮದುವೆ ಮನೆಯ ಏಳರಲ್ಲಿ ಸಿಕ್ಕಿದ್ದು ಎರಡೇ.

‘ಅಳಿಸಿದ ಮೇಲೆ ಯಾರೂ ಎಂತದೂ ನೋಡದೆ ಇದ್ದಿದ್ದರೆ ಎಲ್ಲ ಸಿಗ್ತಿತ್ತು ಅಕ್ಕ. ವಿಡಿಯೋ ಗಿಡಿಯೋ ನೋಡಿದ್ದಾರೆ. ಅದು ಬಂದು ಇದರ ಮೇಲೆ ಕೂತಿದೆ’ ಎಂದ.

ಅಂದರೆ ಗುಲಾಬಿಯ ಅಳತೆ ಹೋದದ್ದು ನಾನು ಗುಂಡಿ ಒತ್ತಿದ್ದಕ್ಕಲ್ಲ. ಅದನ್ನು ಮರಳಿ ಪಡೆಯುವುದು ಹೇಗೆಂದು ಮೂರು ಗಂಟೆ ಕಲಿತದ್ದಕ್ಕೆ.

ಅವನು ಸಿಕ್ಕಿದ ಚಿತ್ರಗಳನ್ನೆಲ್ಲ ತಾರೀಕಿನ ಸಾಲಿನಲ್ಲಿ ಪರದೆಯ ಮೇಲೆ ಹರಡಿದ, ಗುಲಾಬಿ ತನ್ನದನ್ನು ಆರಿಸಿಕೊಳ್ಳಲಿ ಎಂದು. ಹೊಸ ಕ್ಯಾಶೆಯ ಚಿತ್ರಗಳೂ ಅದರಲ್ಲಿಯೇ ಬೆರೆತಿದ್ದವು. ನನ್ನ ಇಡೀ ಗೃಹಸ್ಥಜೀವನ ಅಲ್ಲಿ ಅಂಗೈಯಗಲದ ಚೌಕಗಳಾಗಿ ಹರಡಿಕೊಂಡಿತ್ತು: ತೀರಿಹೋದವರು, ಮಂಡಿಗಳು, ಬಸ್ಸುಗಳು, ಬೋಳುತಲೆಗೆ ಕೂದಲು ಬರಿಸುವ ಎಣ್ಣೆ. ಅದರ ಕೆಳಗೆ ಕಳೆದ ಮಂಗಳವಾರದ ಸಾಲು. ಹದಿನಾಲ್ಕು ಚೌಕಗಳು, ಪ್ರತಿಯೊಂದರಲ್ಲಿ ಒಬ್ಬೊಬ್ಬ ತಲೆಯ ಮೇಲೆ ಕೈಹೊತ್ತು ಕುಳಿತ ಮನುಷ್ಯ, ಮೇಲೆ ಹಳದಿ ಅಕ್ಷರದಲ್ಲಿ ‘ಡಿಲೀಟ್ ಆದ ಫೈಲ್ ವಾಪಸ್ ತರುವುದು ಹೇಗೆ?’ ಹಮೀದ್ ಧೂಳು ತೆಗೆದದ್ದು ಅದರ ಮರುದಿನ, ಬುಧವಾರ. ಅವನು ಆ ಸಾಲನ್ನು ನೋಡಿದ. ನನ್ನ ಮುಖವನ್ನು ಒಮ್ಮೆ ನೋಡಿದ. ಮತ್ತೆ ಮೌಸಿನ ಗಾಲಿಯನ್ನು ಉರುಳಿಸಿ ಆ ಸಾಲನ್ನು ಸರಸರನೆ ಮೇಲಕ್ಕೆ ದಾಟಿಸಿಬಿಟ್ಟ. ಗುಲಾಬಿ ಕನ್ನಡಕ ಹುಡುಕುತ್ತಿದ್ದಳು.

‘ಕೆಲವು ಸಲ ಹೀಗೆ ಆಗ್ತದೆ ಗುಲಾಬಿಯಕ್ಕ. ನನ್ನ ಕೈಯಿಂದಲೇ ಆಗಿರಬಹುದು. ಬೇಜಾರು ಮಾಡಬೇಡಿ’ ಎಂದು ಅವನು ಪರದೆ ನೋಡುತ್ತಲೇ ಹೇಳಿದ.

ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ನನಗೆ ಅದನ್ನು ತಡೆಯಲಾಗಲಿಲ್ಲ. ‘ಅವನಲ್ಲ. ನಾನು’ ಎಂದೆ. ಮಾತು ಬಸ್ಸಿನಲ್ಲಿ ಕೂಗುವಷ್ಟು ಜೋರಾಗಿ ಬಂದುಬಿಟ್ಟಿತು. ಸೋಮವಾರದಿಂದ ಗುರುವಾರದವರೆಗೆ ಒಂದೂ ಸ್ಟಾಪು ಬಿಡದೆ ಎಲ್ಲವನ್ನೂ ಹೇಳಿದೆ.

ಗುಲಾಬಿ ಬೈಯಲಿಲ್ಲ. ಒಳಗೆ ಹೋಗಿ ಮೊದಲು ಹಮೀದನಿಗೆ ಚಹಾ ತಂದಿಟ್ಟಳು. ಅದರ ಜೊತೆ ಚಕ್ಕುಲಿಯನ್ನೂ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

‘ಅಳತೆ ಹೋದರೆ ಟೇಪು ಉಂಟು, ಇನ್ನೊಮ್ಮೆ ತೆಗೀಬಹುದು. ಇವನ ಮೇಲೆ ನಾನು ಹೇಳಿದ್ದನ್ನು ಹೇಗೆ ವಾಪಸ್ ತೆಗೆಯುವುದು? ನಿಮ್ಮ ಸುಳ್ಳನ್ನು ನನ್ನ ಬಾಯಿಯಿಂದ ಹೇಳಿಸಿದಿರಲ್ಲ ಮಾರಾಯ್ರೆ.’

ಇದಕ್ಕೆ ಯಾವ ವಿಡಿಯೋದಲ್ಲಿಯೂ ಉತ್ತರವಿರಲಿಲ್ಲ. ಉತ್ತರವನ್ನು ಅವಳೇ ಕಂಡುಹಿಡಿದಳು. ಮರುದಿನದಿಂದ ಅಳತೆ ಹೋದ ಮನೆಗಳಿಗೆಲ್ಲ ನಾವಿಬ್ಬರೂ ಹೊರಟೆವು. ಟೇಪು ಅವಳದು, ಪುಸ್ತಕ ನನ್ನದು. ಕಂಪ್ಯೂಟರಿಗಲ್ಲ, ಪುಸ್ತಕಕ್ಕೇ ಬರೆಯಬೇಕೆಂದು ಆಜ್ಞೆ. ಅಳತೆ ತೆಗೆಯುವಾಗ ನಾನು ಜಗಲಿಯಲ್ಲಿ ಗೋಡೆ ನೋಡಿ ಕುಳಿತು, ಒಳಗಿನಿಂದ ಅವಳು ಕೂಗಿದ ಅಂಕಿಗಳನ್ನು ಬರೆಯಬೇಕು. ಆದರೆ ಅದಕ್ಕೂ ಮೊದಲು, ಮನೆಯವರೆಲ್ಲರೆದುರು, ಹಮೀದನ ತಪ್ಪಿಲ್ಲ, ಗುಡಿಸಿ ಹಾಕಿದವನು ನಾನು ಎಂದು ಹೇಳಬೇಕು. ಮೊದಲ ಮನೆಯಲ್ಲಿ ಮಳೆಯ ವಿಷಯ ಎತ್ತಿ, ಸುತ್ತಿಬಳಸಿ ಹೇಳಿದೆ. ಐದನೆಯ ಮನೆಯ ಹೊತ್ತಿಗೆ ಸಲೀಸಾಯಿತು. ಹತ್ತನೆಯದರಲ್ಲಿ ನಾನು ಅದನ್ನು ಸ್ವಲ್ಪ ರಸವತ್ತಾಗಿ ಹೇಳತೊಡಗಿದ್ದು ನೋಡಿ ಗುಲಾಬಿ ಒಳಗಿನಿಂದಲೇ ಕೆಮ್ಮಿದಳು. ಸಂತೆಕಟ್ಟೆಯಲ್ಲಿ ಒಬ್ಬ ಮುದುಕಿ, ಪಕ್ಕದ ಮನೆಯವಳೂ ಕೇಳಲಿ ಎಂದು ಅವಳನ್ನು ಕರೆಸಿ, ಮೊದಲಿನಿಂದ ಹೇಳಿಸಿದಳು. ಉಚ್ಚಿಲದ ಮದುವೆಗೆ ಒಂಬತ್ತೂ ರವಿಕೆ ಹಿಂದಿನ ದಿನ ಮುಟ್ಟಿದವು. ಹಮೀದನ ಅಂಗಡಿಗೆ ಮೂರು ಮನೆಯವರಲ್ಲಿ ಇಬ್ಬರು ಮರಳಿದರು. ಮೂರನೆಯವರ ಮನೆಗೆ ನಾನು ಎರಡು ಸಲ ಹೋಗಿ ಹೇಳಿದ್ದೇನೆ. ಅವರು ತಲೆಯಾಡಿಸುತ್ತಾರೆ, ಹೋಗುವುದಿಲ್ಲ. ಇನ್ನೊಮ್ಮೆ ಹೋಗಬೇಕು.

ಮೊನ್ನೆ ಅದಕ್ಕೇ ಹೊರಟಿದ್ದೆವು. ಕಾಪುವಿನಲ್ಲಿ ಬಸ್ಸು ಹತ್ತಿದಾಗ ಬಾಗಿಲ ಬಳಿಯೇ ಕಂಬ ಹಿಡಿದು ನಿಂತೆ. ವಯಸ್ಸಾದವನು, ಕೈಯಲ್ಲಿ ಅಳತೆಯ ಪುಸ್ತಕ ಬೇರೆ. ಇಪ್ಪತ್ತೈದರ ಕಂಡಕ್ಟರ್ ನನ್ನ ಬೆನ್ನಿಗೆ ಕೈಯಿಟ್ಟು ಹೇಳಿದ, ‘ಹಿಂದೆ ಹೋಗಿ ಅಜ್ಜ, ಹಿಂದೆ ಖಾಲಿ ಉಂಟು.’ ಗುಲಾಬಿ ನನ್ನ ಮುಖ ನೋಡಿದಳು. ನಾನು ಹಿಂದೆ ಹೋದೆ. ಖಾಲಿ ಇರಲಿಲ್ಲ.